ಜಾಯಮಾನ

ಹುಟ್ಟುವುದು ಎಂಬ ಅರ್ಥದ ‘ಜನ್’ ಧಾತುವಿಗೆ, ನಡೆಯುತ್ತಿರುವ ಕ್ರಿಯೆಯನ್ನು ಸೂಚಿಸುವ ‘ಶಾನಚ್’ ಪ್ರತ್ಯಯ ಸೇರಿ ರೂಪುಗೊಂಡ ‘ಜಾಯಮಾನ’ ಪದಕ್ಕೆ ಸಂಸ್ಕೃತದಲ್ಲಿ ‘ಹುಟ್ಟುತ್ತಿರುವ’ ಎಂಬುದಷ್ಟೇ ಅರ್ಥ. ಅಲ್ಲಿ ಅದು ವಿಶೇಷಣ, ಕನ್ನಡದಲ್ಲಾದರೋ ಹುಟ್ಟಿನೊಂದಿಗೇ ಬಂದ ಮನೋಧರ್ಮವನ್ನು ಹೆಸರಿಸುವ ನಾಮಪದ. ಇದೇ ಪ್ರತ್ಯಯದ ‘ವರ್ತಮಾನ’ವು ಕನ್ನಡಕ್ಕೆ ಬಂದು ಸುದ್ದಿಯೂ ‘ವಿದ್ಯಮಾನ’ವು ಘಟನೆಯೂ ಆಗಿರುವುದನ್ನು ನೆನೆದರೆ ಈ ಪಲ್ಲಟ ಅಚ್ಚರಿಯದೇನಲ್ಲ.

ಪದದ ಸೊಗಸಿರುವುದು ಬಳಕೆಯಲ್ಲಿ. ‘ಸ್ವಭಾವ’ವು ಮೃದು, ಒರಟು, ಸಂಕೋಚದ್ದು ಎಂದು ಯಾವ ವಿಶೇಷಣಕ್ಕೂ ಒಗ್ಗಿಕೊಂಡರೆ, ಜಾಯಮಾನ ಹೆಚ್ಚಾಗಿ ನಿಷೇಧದ ಜೊತೆಗೇ ಬರುತ್ತದೆ. ಇನ್ನೊಬ್ಬರ ಮುಂದೆ ಕೈಚಾಚುವುದು ತನ್ನ ಜಾಯಮಾನವಲ್ಲವೆಂದು ಒಬ್ಬರು ಹೇಳಿದಾಗ, ಸುಮ್ಮನೆ ಕೂರುವುದು ತನ್ನ ಜಾಯಮಾನಕ್ಕೆ ಒಗ್ಗದೆಂದು ಮತ್ತೊಬ್ಬರು ಹೇಳಿದಾಗ, ಅವರು ತಾವು ಎಂಥವರೆಂಬುದನ್ನು ತಾವು ಮಾಡಲಾರದ್ದರ ಮೂಲಕ ಗುರುತಿಸಿಕೊಳ್ಳುತ್ತಾರೆ. ಆದ್ದರಿಂದಲೇ ಈ ಪದಕ್ಕೆ ಸ್ವಾಭಿಮಾನದ ಒಂದು ಬಿಗಿಯಿದೆ. ಸೋಮಾರಿತನಕ್ಕೆ ನೆಪವಾಗಿ ಒದಗುವುದೂ ಉಂಟು, ಅದು ಬೇರೆ ಮಾತು. ಇದಕ್ಕೆ ಹತ್ತಿರದ ‘ಹುಟ್ಟುಗುಣ’ವು ಗಾದೆಯಲ್ಲಿ ಸುಟ್ಟರೂ ಹೋಗದೆ ಉಳಿದಿದೆಯಾದರೂ, ಅದನ್ನು ಬೇರೆಯವರ ಬಗ್ಗೆ, ಅದೂ ಮೂದಲಿಕೆಯಾಗಿ ಆಡುವುದೇ ಹೆಚ್ಚು, ತಮ್ಮನ್ನು ತಾವು ಬಣ್ಣಿಸಿಕೊಳ್ಳುವವರು ಆರಿಸಿಕೊಳ್ಳುವುದು ಜಾಯಮಾನವನ್ನೇ.