ತಿಮಿಂಗಿಲದ ದನಿ ಮತ್ತು ಕಟ್ಟಿದ ಮೂತ್ರ

‘ಒಂದಕ್ಕೆ’ ಅಂತ ಕಿರುಬೆರಳು ತೋರಿಸಿ ನಾವು ಮುಗಿಸಿಬಿಡುವ ವಿಷಯದ ಬಗ್ಗೆ ಈ ಸಲ ಬರೀತಿದ್ದೀನಿ. ಮುಜುಗರ ಬೇಡ, ಓದಿ.

ವಯಸ್ಸಾದ ಗಂಡಸರಿಗೆ ಮೂತ್ರ ಕಟ್ಟಿದರೆ ವೈದ್ಯರ ಕಣ್ಣು ಮೊದಲು ಹೋಗುವುದು ಪ್ರಾಸ್ಟೇಟ್ ಕಡೆಗೆ. ಆದರೆ ಇಪ್ಪತ್ತು-ಮೂವತ್ತರ ಹೆಣ್ಣುಮಗಳಿಗೆ ಮೂತ್ರ ಕಟ್ಟಿದರೆ? ಮೂತ್ರಕೋಶದಲ್ಲಿ ಒಂದು ಲೀಟರಿಗಿಂತ ಹೆಚ್ಚು ತುಂಬಿದ್ದರೂ ಅವಸರವೇ ಆಗುತ್ತಿಲ್ಲ. ಕಲ್ಲಿಲ್ಲ, ಗಡ್ಡೆಯಿಲ್ಲ, ಬೆನ್ನುಹುರಿಯೂ ಸರಿಯಿದೆ. ಇಂಥವರಿಗೆ ಬಹುಕಾಲ ಸಿಗುತ್ತಿದ್ದ ಉತ್ತರ ಒಂದೇ... ‘ಹಿಸ್ಟೀರಿಯಾ’. ಎಲ್ಲಾ ನಿನ್ನ ಮನಸ್ಸಿನಲ್ಲೇ ಇರೋದು, ಅಂತ!

1980ರ ದಶಕದಲ್ಲಿ ಲಂಡನ್ನಿನ ಡಾ. ಕ್ಲೇರ್ ಫೌಲರ್ ಬೇರೆ ದಾರಿ ಹಿಡಿದರು. ಮೂತ್ರನಾಳವನ್ನು ಬಿಗಿಹಿಡಿಯುವ ಸ್ನಾಯುವಿಗೇ ಸೂಜಿ ಚುಚ್ಚಿ, ಅದರ ವಿದ್ಯುತ್ ಸಂಕೇತಗಳನ್ನು ಸ್ಪೀಕರಿನಲ್ಲಿ ಕೇಳಿದರು. ಮೂತ್ರ ಮಾಡುವಾಗ ಸಡಿಲವಾಗಬೇಕಾದ ಸ್ನಾಯು ಇವರಲ್ಲಿ ತನ್ನಷ್ಟಕ್ಕೇ ಮಿಡಿಯುತ್ತಿತ್ತು. ಆ ಸದ್ದು ಕಡಲೊಳಗಿನ ತಿಮಿಂಗಿಲದ ಹಾಡಿನ ಹಾಗೆ! 1988ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಲೇಖನ, ಇಂಥ ಅನೇಕರಲ್ಲಿ ಪಿಸಿಓಎಸ್‌ನಲ್ಲಿ ಕಾಣುವಂಥ ಅಂಡಾಶಯಗಳೂ ಇವೆ ಎಂದು ಗುರುತಿಸಿತು. ಈಗ ಅದಕ್ಕೆ ‘ಫೌಲರ್ಸ್ ಸಿಂಡ್ರೋಮ್’ ಅನ್ನುತ್ತಾರೆ.

ಚಿಕಿತ್ಸೆ? ತೆಳು ನಳಿಗೆ ಹಾಕಿಕೊಂಡು ದಿನಕ್ಕೆ ಹಲವು ಸಲ ತಾವೇ ಮೂತ್ರ ತೆಗೆಯುವ ಕ್ರಮವನ್ನು ಅಮೆರಿಕದ ಮಿಶಿಗನ್‌ನ ಡಾ. ಜಾಕ್ ಲ್ಯಾಪಿಡೆಸ್ 1972ರಲ್ಲೇ ಪ್ರಕಟಿಸಿದ್ದರು. ಆಪರೇಷನ್ ಥಿಯೇಟರಿನ ಮಡಿ ಬೇಕಿಲ್ಲ, ಕೈ-ನಳಿಗೆ ಶುಚಿಯಾಗಿದ್ದರೆ ಸಾಕು ಅನ್ನುವುದೇ ಅದರ ಹೊಸತನ. ಆದರೆ ಫೌಲರ್ಸ್ ಇದ್ದವರಲ್ಲಿ ಸ್ನಾಯು ನಳಿಗೆಯನ್ನೇ ಕಚ್ಚಿಕೊಳ್ಳುತ್ತದೆ, ಹೊರಗೆಳೆಯುವಾಗ ನೋವು. ಇವರಿಗೆ ಆಸರೆಯಾದದ್ದು ಸೊಂಟದ ಕೆಳಗಿನ ನರದ ಪಕ್ಕ ತಂತಿಯಿಟ್ಟು, ಚರ್ಮದಡಿಯ ಪುಟ್ಟ ಯಂತ್ರದಿಂದ ಸಣ್ಣ ವಿದ್ಯುತ್ ಕೊಡುವ ಚಿಕಿತ್ಸೆ. ಮೂತ್ರ ಕಟ್ಟುವ ತೊಂದರೆಗೆ ಅಮೆರಿಕ ಇದನ್ನು ಒಪ್ಪಿದ್ದು 1999ರಲ್ಲಿ. ಎಲ್ಲರಿಗೂ ಫಲಿಸುವುದಿಲ್ಲ, ಮತ್ತೆ ಆಪರೇಷನ್ ಬೇಕಾಗುವುದೂ ಉಂಟು.

ಕತೆ ಇಲ್ಲಿಗೇ ಮುಗಿದಿಲ್ಲ. ತೊಂದರೆಯೇ ಇಲ್ಲದ ಕೆಲವು ಹೆಂಗಸರಲ್ಲೂ ಅದೇ ಮಿಡಿತ ಸಿಕ್ಕಿದೆ. ಅಫೀಮು ಜಾತಿಯ ನೋವಿನ ಮಾತ್ರೆಗಳೂ ಮೂತ್ರ ಕಟ್ಟಿಸಬಲ್ಲವು. ಹಾಗಾಗಿ ಸೂಜಿಯ ಸದ್ದೊಂದನ್ನೇ ನಂಬುವಂತಿಲ್ಲ. ರೋಗಿಯ ಮಾತನ್ನೂ ಪೂರ್ತಿ ಕೇಳಬೇಕು.

ನನ್ನನ್ನು ಕಾಡುವುದು ಇಷ್ಟೇ: ಪರೀಕ್ಷೆಗೆ ಕಾಣದ್ದನ್ನೆಲ್ಲ ಹೆಣ್ಣಿನ ಮನಸ್ಸಿಗೆ ಅಂಟಿಸುವುದು ಎಷ್ಟು ಸಲೀಸು! ಅಂದಹಾಗೆ, ಮೂತ್ರ ಪೂರ್ತಿ ನಿಂತೇಹೋದರೆ ನಾಚಿಕೊಂಡು ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಓಡಿ.

ನೀವೇನಂತೀರಿ?