ಕೋಟಿನ ಗುಂಡಿಯಿಂದ ಕನ್ನಡಕದವರೆಗೆ

ಈಗ ಕನ್ನಡಕದಲ್ಲೇ ಕ್ಯಾಮೆರಾ ಬಂದಿದೆ. ಎದುರಿಗೆ ನಿಂತವರು ನಮ್ಮನ್ನು ಬರೀ ನೋಡುತ್ತಿದ್ದಾರೋ, ವಿಡಿಯೋ ಮಾಡುತ್ತಿದ್ದಾರೋ ಹೇಳುವುದು ಕಷ್ಟ. ಇದು ನಮ್ಮ ಕಾಲದ ಹೊಸ ತೊಂದರೆ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಮೈಮೇಲೆ ಧರಿಸುವ ಕ್ಯಾಮೆರಾಕ್ಕೆ ಸುಮಾರು 140 ವರ್ಷಗಳ ಇತಿಹಾಸವಿದೆ.

1880ರ ದಶಕದಲ್ಲಿ ಸ್ಟಿರ್ನ್ ಎಂಬ ಕ್ಯಾಮೆರಾ ಮಾರಾಟಕ್ಕೆ ಬಂತು. ತಟ್ಟೆಯಂತೆ ಚಪ್ಪಟೆಯಾಗಿದ್ದ ಅದನ್ನು ಒಳಕೋಟಿನ ಕೆಳಗೆ ಅಡಗಿಸಿಕೊಂಡರೆ, ಗುಂಡಿಯ ತೂತಿನಿಂದ ಲೆನ್ಸ್ ಮಾತ್ರ ಇಣುಕುತ್ತಿತ್ತು. ಒಂದು ಗಾಜಿನ ಫಲಕಕ್ಕೆ ಆರು ಚಿತ್ರ. ನಾರ್ವೆಯ ವಿದ್ಯಾರ್ಥಿ ಕಾರ್ಲ್ ಸ್ಟಾರ್ಮರ್ 1890ರ ದಶಕದಲ್ಲಿ, ಇಂದು ಓಸ್ಲೋ ಎನ್ನುವ ನಗರದ ಬೀದಿಗಳಲ್ಲಿ ಇದನ್ನು ಧರಿಸಿ ಓಡಾಡಿದ. ಜೇಬಿನಲ್ಲಿದ್ದ ದಾರ ಎಳೆದರೆ ಸಾಕು, ಚಿತ್ರ ಸಿಕ್ಕಿತು. ಇಂದು ಅವು ಆ ಕಾಲದ ಅಪರೂಪದ ದಾಖಲೆಗಳು. ಆದರೆ ಚಿತ್ರದಲ್ಲಿದ್ದವರ ಒಪ್ಪಿಗೆಯನ್ನು ಆತ ಮೊದಲು ಕೇಳಿರಲಿಲ್ಲ.

1888ರಲ್ಲಿ ಕೊಡಾಕ್ ಬಂದ ಮೇಲೆ ಕ್ಯಾಮೆರಾ ಜನಸಾಮಾನ್ಯರ ಕೈಗೂ ಸಿಕ್ಕಿತು. ಎರಡೇ ವರ್ಷದಲ್ಲಿ, 1890ರಲ್ಲಿ, ಅಮೆರಿಕದ ವಕೀಲರಾದ ವಾರನ್ ಮತ್ತು ಬ್ರಾಂಡೈಸ್ ಖಾಸಗಿ ಬದುಕಿಗೂ ಕಾನೂನಿನ ರಕ್ಷಣೆ ಬೇಕೆಂದು ಲೇಖನ ಬರೆದರು. ಆದರೆ ಅಂಥ ಕಾನೂನು ಕೂಡಲೇ ಬರಲಿಲ್ಲ.

ಅದರ ಬೆಲೆ ತೆತ್ತವಳು ನ್ಯೂಯಾರ್ಕ್ ರಾಜ್ಯದ ಅಬಿಗೇಲ್ ರಾಬರ್ಸನ್ ಎಂಬ ಹುಡುಗಿ. ಒಂದು ಹಿಟ್ಟಿನ ಕಂಪನಿ ಅವಳನ್ನು ಕೇಳದೆಯೇ ಅವಳ ಚಿತ್ರವನ್ನು ಜಾಹೀರಾತಿಗೆ ಬಳಸಿತು. ಸುಮಾರು 25,000 ಪ್ರತಿಗಳು ಅಂಗಡಿ, ಗೋದಾಮುಗಳಿಗೆ ಹೋದವು. ಪರಿಚಿತರು ಗುರುತಿಸಿ ಹಾಸ್ಯ ಮಾಡಿದರು. ಅವಳು ನೊಂದು ಹಾಸಿಗೆ ಹಿಡಿದಳು. 1902ರಲ್ಲಿ ನ್ಯಾಯಾಲಯ, ನಾಲ್ವರು ಒಂದು ಕಡೆ, ಮೂವರು ಇನ್ನೊಂದು ಕಡೆಯಾಗಿ, ಅವಳಿಗೆ ಅಂಥ ಹಕ್ಕಿಲ್ಲ ಎಂದಿತು. ಜನ ಸಿಟ್ಟಿಗೆದ್ದರು. ಮರುವರ್ಷವೇ, ಒಪ್ಪಿಗೆಯಿಲ್ಲದೆ ಯಾರ ಚಿತ್ರವನ್ನೂ ಜಾಹೀರಾತಿಗೆ ಬಳಸಬಾರದೆಂಬ ಕಾನೂನು ಬಂತು. ಹಾನಿ ಮೊದಲು, ಕಾನೂನು ಆಮೇಲೆ.

ನಮ್ಮ ದೇಶದಲ್ಲಿ ಈ ಹಕ್ಕಿಗೆ ಬಲ ಬಂದದ್ದು 2017ರ ಆಗಸ್ಟ್ 24ರಂದು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿದರು. ಆಧಾರ್ ವಿಷಯದಲ್ಲಿ ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಗಡಿಯಾಚೆ ಇರುವ ನಮಗೂ ಅದು ಹೆಮ್ಮೆಯ ಸಂಗತಿ.

ಆದರೂ ಪ್ರತಿಯೊಂದು ಫೋನಿನ ಹಿಂದೆ ನ್ಯಾಯಾಲಯ ಬಂದು ನಿಲ್ಲುವುದಿಲ್ಲ. ಸಾವಿನ ಮನೆಯಲ್ಲಿ ಅಳುತ್ತಿರುವವರ ಮುಖ, ಹಬ್ಬದ ಊಟದ ಸಾಲಿನಲ್ಲಿ ಕುಳಿತ ಅಜ್ಜಿ, ವೇದಿಕೆಯಲ್ಲಿ ಮಾತು ಮರೆತ ಪುಟ್ಟ ಮಗು: ಇವೆಲ್ಲ ನಮ್ಮ ಸ್ಟೇಟಸ್‌ಗೆ ಸಾಮಗ್ರಿಯಲ್ಲ. ಕನ್ನಡಕದ ಕ್ಯಾಮೆರಾ ನಾಳೆ ನಮ್ಮ ಕೈಗೂ ಬರಬಹುದು. ಅದಕ್ಕೆ ಮೊದಲು ಒಂದು ಮಾತು ರೂಢಿಸಿಕೊಳ್ಳೋಣ: "ನಿಮ್ಮ ಫೋಟೋ ತೆಗೆಯಲೇ?" ಜಾಹೀರಾತಿಗೆ ಚಿತ್ರ ಬಳಸುವ ಮೊದಲು ಅಬಿಗೇಲ್‌ಳ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ.