ಎರೆ ಹೊಲದ ಬೀಟಿ ಹತ್ತಿ: ಜೀನ್ ಹಳೆಯದು, ಪ್ರಶ್ನೆ ಹೊಸದು

ಯಾದಗಿರಿ ಸೀಮೆಯ ಅಬ್ಬೆತುಮಕೂರಿನಿಂದ ಹಿಡಿದು ಶಹಾಪುರ, ಸುರಪುರದವರೆಗೆ ಎರೆ ಹೊಲಗಳಲ್ಲಿ ಇಂದು ಕಾಣುವ ಹತ್ತಿ ಬಹುಪಾಲು ಬೀಟಿ ಹತ್ತಿಯೇ. ಮಣ್ಣಿನ ಬ್ಯಾಕ್ಟೀರಿಯಾ ಒಂದರ ಜೀನನ್ನು ಗಿಡಕ್ಕೆ ಸೇರಿಸಿ ಮಾಡಿದ ತಳಿ ಅದು.

ಒಂದೇ ಮೂಲ

ಬ್ಯಾಕ್ಟೀರಿಯಾದ ಜೀನ್ ಗಿಡದಲ್ಲಿ ಹೇಗೆ ಕೆಲಸ ಮಾಡುತ್ತದೆ? ಎರಡರ ಡಿಎನ್‌ಎಯಲ್ಲೂ ಇರುವುದು ಅದೇ ನಾಲ್ಕು ಅಕ್ಷರ. ಕನಿಷ್ಠ 350 ಕೋಟಿ ವರ್ಷಗಳ ಹಿಂದಿನ ಒಂದೇ ಪೂರ್ವಜನಿಂದ ಸಕಲ ಜೀವಿಗಳಿಗೂ ಬಂದ ಬಳುವಳಿಯಿದು. ಹತ್ತಿಯೂ ಬೆರಕೆಯಿಂದಲೇ ಹುಟ್ಟಿದ ಬೆಳೆ: ಬೀಟಿಗೆ ಬಳಸುವ ಅಮೆರಿಕನ್ ಹತ್ತಿ ಸುಮಾರು 10–20 ಲಕ್ಷ ವರ್ಷಗಳ ಹಿಂದೆ ಎರಡು ಬೇರೆ ಹತ್ತಿ ವಂಶಗಳು ತಾವಾಗಿಯೇ ಕೂಡಿದ್ದರ ಫಲ.

ಹುಳು ಸಾಯುವ ಬಗೆ

ಈ ಬ್ಯಾಕ್ಟೀರಿಯಾವನ್ನು 1901ರಲ್ಲಿ ಜಪಾನಿನಲ್ಲಿ ಮೊದಲು ಗುರುತಿಸಿದ್ದು ಸಾಯುತ್ತಿದ್ದ ರೇಷ್ಮೆ ಹುಳುಗಳಲ್ಲಿ. ಅದರ ಜೀನ್ ತಯಾರಿಸುವ ಪ್ರೋಟೀನ್ ಕಾಯಿಕೊರಕದ ಕ್ಷಾರೀಯ ಕರುಳಿನಲ್ಲಿ ಕರಗಿ, ಕರುಳಿನ ಗೋಡೆಗೆ ರಂಧ್ರ ಕೊರೆಯುತ್ತದೆ.

ಹೊಲದಲ್ಲಿ ನಡೆದದ್ದು

1998ರ ನವೆಂಬರಿನಲ್ಲಿ ಪಕ್ಕದ ರಾಯಚೂರು ಜಿಲ್ಲೆಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿ ನೇತೃತ್ವದ ರೈತ ಸಂಘ ಪ್ರಯೋಗದ ಬೀಟಿ ಬೆಳೆಗೆ ಬೆಂಕಿ ಇಟ್ಟಿತು. ಆದರೂ 2002ರ ಮಾರ್ಚ್‌ನಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿತು. ಮೊದಮೊದಲು ಕಾಯಿಕೊರಕದ ಕಾಟ ಇಳಿದು ಔಷಧಿ ಸಿಂಪಡಣೆ ಕಡಿಮೆಯಾದದ್ದು ನಿಜ, ಅದನ್ನು ಮರೆಮಾಚಬಾರದು.

450 ಗ್ರಾಂ ಬೀಟಿ ಬೀಜದ ಜೊತೆ 120 ಗ್ರಾಂ ಸಾದಾ ಬೀಜದ ಪ್ಯಾಕೆಟ್ ಬರುತ್ತಿತ್ತು. ಅದನ್ನು ಹೊಲದ ಸುತ್ತ ಬಿತ್ತಿದರೆ ವಿಷಕ್ಕೆ ಬಗ್ಗುವ ಹುಳುಗಳೂ ಉಳಿದು, ಜಗ್ಗದ ಹುಳುಗಳೊಂದಿಗೆ ಕೂಡಿ, ನಿರೋಧ ಶಕ್ತಿ ಹಬ್ಬುವುದು ನಿಧಾನವಾಗುತ್ತದೆ. ಹುಳು ತಿಂದು ಹೋಗಲೆಂದೇ ಸಾಲು ಬಿತ್ತು ಎಂದರೆ ಸಣ್ಣ ಹಿಡುವಳಿದಾರ ಹೇಗೆ ಒಪ್ಪಿಯಾನು? ಹಲವರು ಬಿತ್ತಲೇ ಇಲ್ಲ. ಗುಲಾಬಿ ಕಾಯಿಕೊರಕ ಒಂದು ಜೀನನ್ನೂ, ಆಮೇಲೆ ಎರಡು ಜೀನಿನ ತಳಿಯನ್ನೂ ಅರಗಿಸಿಕೊಂಡಿತು.

ಯಾರ ಬೀಜ, ಯಾರ ಹೊಣೆ

ಜೀನ್ ಕೂಡಿಸುವುದೇ ಪಾಪ ಎಂಬ ವಾದ ನನಗೆ ಒಪ್ಪಿಗೆಯಿಲ್ಲ. ಆದರೆ ಲಾಭದ ಹಕ್ಕು ಕಂಪನಿಯದು, ಹುಳು ಮರಳಿದಾಗ ಸಾಲ ಮಾತ್ರ ರೈತನದು ಎಂಬುದು ಅನ್ಯಾಯ. ಹೈಬ್ರಿಡ್ ಆದ್ದರಿಂದ ಬೀಜ ಎತ್ತಿಟ್ಟುಕೊಳ್ಳಲೂ ಬಾರದು, ಪ್ರತಿ ಮುಂಗಾರಿಗೂ ಅಂಗಡಿಯೇ ಗತಿ.

ಬೀಟಿ ಬದನೆಯಲ್ಲಿ ಈ ಪ್ರಶ್ನೆ ಇನ್ನೂ ತೀಕ್ಷ್ಣವಾಯಿತು. ಕರ್ನಾಟಕದ ಸ್ಥಳೀಯ ಬದನೆ ತಳಿಗಳನ್ನು ಅನುಮತಿಯಿಲ್ಲದೆ ಬಳಸಲಾಗಿದೆ ಎಂದು ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಕಾನೂನು ಕ್ರಮಕ್ಕೆ ಮುಂದಾಯಿತು. ಅದಕ್ಕೂ ಮೊದಲೇ, ಬೆಂಗಳೂರು ಸೇರಿ ಏಳು ನಗರಗಳಲ್ಲಿ ಜನರ ಅಹವಾಲು ಕೇಳಿದ ಆಗಿನ ಕೇಂದ್ರ ಸಚಿವ ಜೈರಾಮ್ ರಮೇಶ್, 2010ರ ಫೆಬ್ರುವರಿ 9ರಂದು ಬೀಟಿ ಬದನೆಗೆ ತಡೆ ಹಾಕಿದ್ದರು.